ಮನೆ ಕೊಳ್ಳುವವರಿಗೆ ತಮ್ಮದೇ ಏಜೆಂಟ್ ಬೇಕಾ? ಆರು ತಿಂಗಳ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಕೇಳುತ್ತಿದ್ದೇನೆ

ಹೊಸಿಲು:
ಎಲ್ಲರಿಗೂ ನಮಸ್ಕಾರ. ನಾವಿಬ್ಬರೂ ಅಮೆರಿಕಕ್ಕೆ ಬಂದು ಎಂಟು ವರ್ಷವಾಯಿತು, ಈಗ ಮೊದಲ ಸಲ ಮನೆ ಕೊಳ್ಳಲು ಹೊರಟಿದ್ದೇವೆ. ಬಜೆಟ್ 5 ಲಕ್ಷ ಡಾಲರ್ ಆಸುಪಾಸು. ಕಳೆದ ಭಾನುವಾರ ಒಂದು ಓಪನ್ ಹೌಸ್‌ಗೆ (ಮಾರಾಟದ ಮನೆಯನ್ನು ಯಾರು ಬೇಕಾದರೂ ಬಂದು ನೋಡುವ ದಿನ) ಹೋಗಿದ್ದೆವು, ಮನೆ ಹಿಡಿಸಿತು. ಅಲ್ಲಿದ್ದ ಲಿಸ್ಟಿಂಗ್ ಏಜೆಂಟ್, ಅಂದರೆ ಮಾರುವವರ ಕಡೆಯ ಏಜೆಂಟ್, "ನಿಮಗೆ ಏಜೆಂಟ್ ಇಲ್ಲವಾ, ಒಳ್ಳೆಯದೇ ಆಯಿತು, ನನ್ನ ಮೂಲಕವೇ ಆಫರ್ ಹಾಕಿ, ಆ ದುಡ್ಡು ಉಳಿಯುತ್ತೆ" ಅಂದರು. ಮಾರನೇ ದಿನ ಇನ್ನೊಬ್ಬ ಏಜೆಂಟ್‌ಗೆ ಬೇರೆ ಮನೆ ತೋರಿಸಿ ಅಂತ ಕೇಳಿದರೆ, ಮನೆ ನೋಡುವ ಮುಂಚೆಯೇ ಆರು ತಿಂಗಳ ಒಪ್ಪಂದಕ್ಕೆ ಸಹಿ ಹಾಕಿ, ಕಮಿಷನ್ 2.5% ಅಂತ ಕಾಗದ ಕಳಿಸಿದರು. ಮುಖ ನೋಡಿದ್ದೇ ಇಲ್ಲ, ಅಷ್ಟರಲ್ಲೇ ಸಹಿ!

ಎಲ್ಲಾ ಮನೆಗಳೂ ಫೋನಿನಲ್ಲೇ ಕಾಣುತ್ತವೆ. ಹಳೇ ಮಾರಾಟದ ಬೆಲೆಯೂ ಸಿಗುತ್ತದೆ. ಹಾಗಿರುವಾಗ ನಮಗೆ ಅಂತ ಏಜೆಂಟ್ ಯಾಕೆ ಬೇಕು? ನನ್ನ ಹೆಂಡತಿ ಬೇಕೇ ಬೇಕು ಅನ್ನುತ್ತಾಳೆ, ನಾನು ಬೇಡ ಅಂತಿದ್ದೇನೆ. ನೀವೇ ಪಂಚಾಯಿತಿ ಮಾಡಿ.

ಲೆಕ್ಕದಪುಸ್ತಕ:
ಮೊದಲು ದುಡ್ಡಿನ ದಾರಿ ನೋಡೋಣ. ಬಹಳ ವರ್ಷ ಇಲ್ಲಿ ನಡೆದುಕೊಂಡು ಬಂದಿದ್ದು ಹೀಗೆ: ಮಾರುವವರು ಒಟ್ಟು 5ರಿಂದ 6% ಕಮಿಷನ್ ಕೊಡುತ್ತಿದ್ದರು, ಅದನ್ನು ಎರಡೂ ಕಡೆಯ ಏಜೆಂಟರು ಹಂಚಿಕೊಳ್ಳುತ್ತಿದ್ದರು. ಕೊಳ್ಳುವವರಿಗೆ "ನಿಮಗೆ ನಾನು ಫ್ರೀ" ಅಂತ ಹೇಳುತ್ತಿದ್ದರು. ಫ್ರೀ ಏನಲ್ಲ, ಮನೆಯ ಬೆಲೆಯೊಳಗೇ ಅದು ಕೂತಿರುತ್ತಿತ್ತು.

2023ರ ಅಕ್ಟೋಬರ್ 31ರಂದು ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ ಜ್ಯೂರಿ ಇದರ ವಿರುದ್ಧ ತೀರ್ಪು ಕೊಟ್ಟಿತು. ಸುಮಾರು 180 ಕೋಟಿ ಡಾಲರ್ ಪರಿಹಾರ. ಆಮೇಲೆ ರಿಯಲ್ಟರ್‌ಗಳ, ಅಂದರೆ ಮನೆ ಏಜೆಂಟರ, ರಾಷ್ಟ್ರೀಯ ಸಂಘ ಎನ್‌ಎಆರ್ 2024ರ ಮಾರ್ಚ್‌ನಲ್ಲಿ 41.8 ಕೋಟಿ ಡಾಲರ್‌ಗೆ ರಾಜಿಯಾಯಿತು, ಜೊತೆಗೆ ನಿಯಮ ಬದಲಿಸಲು ಒಪ್ಪಿತು. 2024ರ ಆಗಸ್ಟ್ 17ರಿಂದ ಎಂಎಲ್‌ಎಸ್‌ನಲ್ಲಿ (ಮಾರಾಟದ ಮನೆಗಳನ್ನು ಏಜೆಂಟರು ಹಾಕುವ ಪಟ್ಟಿ) "ಕೊಳ್ಳುವವರ ಏಜೆಂಟ್‌ಗೆ ಇಷ್ಟು ಕೊಡುತ್ತೇವೆ" ಅಂತ ಬರೆಯುವಂತಿಲ್ಲ. ಮತ್ತೆ ಎಂಎಲ್‌ಎಸ್ ಬಳಸುವ ಏಜೆಂಟ್ ನಿಮಗೆ ಮನೆ ತೋರಿಸುವ ಮುಂಚೆ ಲಿಖಿತ ಒಪ್ಪಂದ ಮಾಡಿಕೊಳ್ಳಲೇಬೇಕು. ನಿಮಗೆ ಬಂದ ಕಾಗದ ಅದೇ. ಅದನ್ನು ಕಳಿಸಿದ್ದು ಅವರ ದುರಾಸೆಯಲ್ಲ. ಆರು ತಿಂಗಳು ಅಂತ ಬರೆದದ್ದು ಮಾತ್ರ ಅವರದೇ ಆಸೆ!

ಓಪನ್ ಹೌಸ್‌ಗೆ ನೀವಾಗಿ ಹೋಗಿ ನೋಡುವುದಕ್ಕೆ ಯಾವ ಸಹಿಯೂ ಬೇಡ.

ಹೊಸಿಲು:
ಓ, ಇದು ಗೊತ್ತಿರಲಿಲ್ಲ ಸರ್. ಹಾಗಾದರೆ ಏಜೆಂಟ್ ಇಲ್ಲದೇ ಹೋದರೆ ಆ 2.5% ನಮಗೆ ಉಳಿಯುತ್ತೆ ಅಲ್ವಾ? 12,500 ಡಾಲರ್ ಅಂದರೆ ನಮಗೆ ಸಣ್ಣ ಮೊತ್ತವಲ್ಲ.

ಲೆಕ್ಕದಪುಸ್ತಕ:
ಅಲ್ಲೇ ಎಲ್ಲರೂ ಎಡವುವುದು. ಲಿಸ್ಟಿಂಗ್ ಏಜೆಂಟ್ ಮತ್ತು ಮಾರುವವರ ನಡುವೆ ಆಗಲೇ ಒಂದು ಒಪ್ಪಂದ ಇರುತ್ತದೆ. ಅದರಲ್ಲಿ "ಕೊಳ್ಳುವವರಿಗೆ ಏಜೆಂಟ್ ಇಲ್ಲದಿದ್ದರೆ ನನಗೆ ಇಷ್ಟು ಜಾಸ್ತಿ" ಅಂತ ಇದ್ದರೆ ಉಳಿದ ದುಡ್ಡು ಹೋಗುವುದು ಆ ಏಜೆಂಟ್ ಜೇಬಿಗೆ. ಹಾಗಿಲ್ಲದಿದ್ದರೆ ಮಾರುವವರ ಜೇಬಿಗೆ. ನೀವು ಬಾಯಿ ಬಿಟ್ಟು ಕೇಳಿ, ಅವರು ಒಪ್ಪಿ, ಆಫರ್ ಬೆಲೆಯಲ್ಲಿ ಇಳಿದರೆ ಮಾತ್ರ ನಿಮಗೆ. "ಆ ದುಡ್ಡು ಉಳಿಯುತ್ತೆ" ಅಂದರಲ್ಲ ಅವರು, ಯಾರಿಗೆ ಉಳಿಯುತ್ತೆ ಅಂತ ಕೇಳಿದಿರಾ?

ಹೊಸಿಲು:
ಇಲ್ಲ. ಕೇಳಲೇ ಇಲ್ಲ.

ಹಳೇಬೀಗ:
ಹೊಸಿಲು ಅವರೇ, ಆ ನಗುಮುಖದ ಲಿಸ್ಟಿಂಗ್ ಏಜೆಂಟ್ ಹತ್ತಿರ ಬಾಯಿ ಬಿಗಿ ಹಿಡಿದುಕೊಳ್ಳಿ. ನನ್ನ ಕಥೆ ಹೇಳುತ್ತೇನೆ. ಮೊದಲ ಮನೆ ಕೊಳ್ಳುವಾಗ ನಾನೂ ನಿಮ್ಮ ಹಾಗೇ ಲಿಸ್ಟಿಂಗ್ ಏಜೆಂಟ್ ಮೂಲಕವೇ ಹೋದೆ. ಹೆಸರು ಬೇಡ. ಕಾಫಿ ಕುಡಿಯುತ್ತಾ ಮಾತಾಡುವಾಗ "ನಿಮಗೆ ಎಲ್ಲಿಯವರೆಗೆ ಹೋಗಲು ಆಗುತ್ತೆ" ಅಂತ ಕೇಳಿದರು, ನಾನು ಪೆದ್ದನ ಹಾಗೆ ಬ್ಯಾಂಕ್ ಕೊಟ್ಟ ಪ್ರೀ-ಅಪ್ರೂವಲ್ ಪತ್ರವನ್ನೇ ತೋರಿಸಿದೆ. ಅದರಲ್ಲಿ ಸಾಲದ ಪೂರ್ತಿ ಮಿತಿ ಬರೆದಿತ್ತು. ಮೂರು ಸಲ ಚೌಕಾಸಿ ಆಯಿತು. ಕೊನೆಗೆ ಬೆಲೆ ಎಲ್ಲಿಗೆ ಬಂದು ನಿಂತಿತು ಹೇಳಿ ನೋಡೋಣ? ಸರಿಯಾಗಿ ಅಲ್ಲಿಗೇ. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರು ಮಾರುವವರ ಕಡೆಯವರು, ತಮ್ಮ ಕೆಲಸ ಮಾಡಿದರು. ನಾನು ಅವರನ್ನು ನನ್ನವರು ಅಂದುಕೊಂಡಿದ್ದು ನನ್ನ ತಪ್ಪು.

ಈ ಗೊಂದಲ ಇವತ್ತಿನದಲ್ಲ. 90ರ ದಶಕದ ಶುರುವಿನವರೆಗೂ ನಿಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಹತ್ತು ಮನೆ ತೋರಿಸುತ್ತಿದ್ದ ಏಜೆಂಟ್ ಕೂಡ ಸಾಮಾನ್ಯವಾಗಿ ಕಾನೂನಿನ ಪ್ರಕಾರ ಮಾರುವವರ ಉಪ-ಏಜೆಂಟೇ ಆಗಿದ್ದರು. ಫೆಡರಲ್ ಟ್ರೇಡ್ ಕಮಿಷನ್ 1983ರಲ್ಲಿ ಒಂದು ವರದಿ ಹೊರತಂದಿತು. ಕೊಂಡವರಲ್ಲಿ ಹೆಚ್ಚಿನವರು ಆ ಏಜೆಂಟ್ ತಮ್ಮ ಪರ ಅಂತಲೇ ನಂಬಿದ್ದರು ಅಂತ ಅದರಲ್ಲಿತ್ತು. ಅಂದರೆ ತಮ್ಮ ಗುಟ್ಟೆಲ್ಲಾ ಎದುರು ಪಾಳಯಕ್ಕೆ ತಾವೇ ಒಪ್ಪಿಸುತ್ತಿದ್ದರು. ಕೊಳ್ಳುವವರ ಏಜೆಂಟ್ ಅನ್ನುವ ವ್ಯವಸ್ಥೆ ಬಲವಾಗಿ ಬೆಳೆದದ್ದು ಇದರ ನಂತರ.

ಸುಮ್ನಿರುವವ:
ಒಬ್ಬರೇ ಏಜೆಂಟ್ ಎರಡೂ ಕಡೆ ನಿಲ್ಲುವುದು ಕಾನೂನುಬದ್ಧವೇ?

ಹಳೇಬೀಗ:
ರಾಜ್ಯದ ಮೇಲೆ ಹೋಗುತ್ತೆ. ಫ್ಲೋರಿಡಾ, ಕೊಲರಾಡೊ ಇಂಥ ಕಡೆ ಡ್ಯುಯಲ್ ಏಜೆನ್ಸಿಗೆ ಅವಕಾಶ ಇಲ್ಲ. ಅಲ್ಲಿ ಯಾರ ಪರವೂ ಅಲ್ಲದೆ ಬರೀ ವ್ಯವಹಾರ ನಡೆಸಿಕೊಡುವ ಬ್ರೋಕರ್ ಇರಬಹುದು. ಬೇರೆ ಬಹಳಷ್ಟು ರಾಜ್ಯಗಳಲ್ಲಿ ಇಬ್ಬರೂ ಲಿಖಿತವಾಗಿ ಒಪ್ಪಿದರೆ ಆಗುತ್ತದೆ. ಆದರೆ ಒಪ್ಪಿದ ಮೇಲೆ ಆ ಏಜೆಂಟ್ ನಿಮಗೆ "ಇಷ್ಟಕ್ಕಿಂತ ಜಾಸ್ತಿ ಕೊಡಬೇಡಿ" ಅಂತ ಹೇಳುವಂತಿಲ್ಲ. ಬಾಯಿ ಕಟ್ಟಿಸಿಕೊಂಡ ವಕೀಲನ ಹಾಗೆ.

ಏಜೆಂಟಮ್ಮ:
ನಾನು ಹತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಉಪ್ಪು ಹಾಕಿಕೊಂಡೇ ಓದಿ, ಪರವಾಗಿಲ್ಲ. ಬಾಗಿಲು ತೆಗೆದು ಮನೆ ತೋರಿಸುವುದು ನಮ್ಮ ಕೆಲಸದಲ್ಲಿ ತೀರಾ ಸಣ್ಣ ಭಾಗ. ಮನೆ ಹುಡುಕುವುದನ್ನು ಈಗ ನೀವೇ ಮಾಡುತ್ತೀರಿ, ನಿಜ. ನಮ್ಮ ಕೆಲಸ ಶುರುವಾಗುವುದು ಮನೆ ಹಿಡಿಸಿದ ಮೇಲೆ.

ಆಫರ್ ಅಂದರೆ ಬರೀ ಬೆಲೆ ಅಲ್ಲ. ಇನ್‌ಸ್ಪೆಕ್ಷನ್‌ಗೆ ಎಷ್ಟು ದಿನ, ಸಾಲ ಸಿಗದಿದ್ದರೆ ಏನು, ಅಪ್ರೈಸಲ್ (ಸಾಲಕ್ಕಾಗಿ ಮಾಡಿಸುವ ಬೆಲೆ ಅಂದಾಜು) ಕಡಿಮೆ ಬಂದರೆ ಏನು, ಅರ್ನೆಸ್ಟ್ ಮನಿ, ಅಂದರೆ ಮುಂಗಡ, ಯಾವಾಗ ವಾಪಸ್ ಬರುತ್ತೆ, ಯಾವಾಗ ಬರುವುದಿಲ್ಲ, ಎಲ್ಲಾ ಅದರಲ್ಲೇ ಇರುತ್ತದೆ. ಒಂದು ತಾರೀಖು ತಪ್ಪಿದರೂ ಕೈಯಲ್ಲಿದ್ದ ಹಕ್ಕು ಹೋಗುತ್ತದೆ. ಇನ್‌ಸ್ಪೆಕ್ಷನ್ ವರದಿ ನಲವತ್ತು ಪುಟ ಬರುತ್ತೆ, ಅದರಲ್ಲಿ ಮೂವತ್ತೆಂಟು ಪುಟ ಚಿಲ್ಲರೆ, ಎರಡು ಪುಟ ನಿಜವಾದ ತಲೆನೋವು. ಆ ಎರಡು ಪುಟ ಯಾವುದು, ಅದಕ್ಕೆ ರಿಪೇರಿ ಕೇಳಬೇಕಾ ದುಡ್ಡು ಕೇಳಬೇಕಾ ಅನ್ನುವುದು ಅನುಭವದಿಂದ ಬರುವುದು.

ಕೆಟ್ಟ ಏಜೆಂಟರು ಇಲ್ಲವಾ? ಬೇಕಾದಷ್ಟಿದ್ದಾರೆ. ವರ್ಷಕ್ಕೆ ಎರಡು ಮನೆ ಮಾರಿಸಿ ಉಳಿದ ಹೊತ್ತು ಬೇರೆ ಕೆಲಸ ಮಾಡುವವರಿಗೂ ನಮ್ಮಷ್ಟೇ ಕಮಿಷನ್ ಅನ್ನುವುದು ನಮಗೇ ಸಂಕಟ.

ಬೆಕ್ಕಿನಕಣ್ಣು:
ನಾನು ಏಜೆಂಟ್ ಇಲ್ಲದೆ ಕೊಂಡೆ, ಹೇಗೆ ಅಂತ ಹೇಳುತ್ತೇನೆ. ನ್ಯೂಜೆರ್ಸಿ. ಇಲ್ಲಿ ಏಜೆಂಟರು ತಯಾರಿಸಿದ ಮನೆ ಖರೀದಿ ಕರಾರಿಗೆ ಸಹಿ ಬಿದ್ದ ಮೇಲೆ ಮೂರು ಕೆಲಸದ ದಿನ ವಕೀಲರ ಪರಿಶೀಲನೆಗೆ ಸಿಗುತ್ತದೆ, ಅಷ್ಟರಲ್ಲಿ ವಕೀಲರು ಬೇಡ ಅಂದರೆ ಕರಾರು ಮುರಿಯಬಹುದು. ಹಾಗಾಗಿ ಕಾಗದದ ಕೆಲಸವನ್ನೆಲ್ಲಾ ಒಬ್ಬ ವಕೀಲರಿಗೆ ಕೊಟ್ಟೆ. ನಿಗದಿತ ಫೀಸು, ಕಮಿಷನ್ ಲೆಕ್ಕವಿಲ್ಲ. ಇನ್‌ಸ್ಪೆಕ್ಟರನ್ನು ನಾನೇ ಹುಡುಕಿದೆ. ಮಾರುವವರಿಗೆ ನೇರವಾಗಿ ಬರೆದೆ, ನನ್ನ ಕಡೆ ಏಜೆಂಟ್ ಇಲ್ಲ, ಅಷ್ಟು ಕಡಿಮೆ ಮಾಡಿ ಅಂತ. ಪೂರ್ತಿ ಅಲ್ಲ, ಒಂದು ಭಾಗ ಇಳಿಸಿದರು.

ಈಗ ಕಹಿ ಭಾಗ. ಇನ್‌ಸ್ಪೆಕ್ಷನ್ ತಕರಾರು ಕಳಿಸುವ ಕೊನೇ ದಿನ ಶುಕ್ರವಾರ ಅಂತ ತಿಳಿದಿದ್ದೆ, ಅದು ಗುರುವಾರ ಆಗಿತ್ತು. ವಕೀಲರ ಆಫೀಸಿನವರು ಸಂಜೆ ನಾಲ್ಕಕ್ಕೆ ಫೋನ್ ಮಾಡದೇ ಹೋಗಿದ್ದರೆ ಬಾಯ್ಲರ್ ಖರ್ಚು ನನ್ನ ತಲೆಗೇ ಬರುತ್ತಿತ್ತು. ಏಜೆಂಟ್ ಇಲ್ಲದಿದ್ದರೆ ಆ ಕೆಲಸ ಮಾಯ ಆಗುವುದಿಲ್ಲ, ನಿಮ್ಮ ಮೇಲೆ ಬೀಳುತ್ತದೆ ಅಷ್ಟೇ. ಎರಡು ತಿಂಗಳು ರಾತ್ರಿ ಹನ್ನೊಂದರವರೆಗೆ ಕೂತಿದ್ದೇನೆ.

ಏಜೆಂಟಮ್ಮ:
ಬೆಕ್ಕಿನಕಣ್ಣು ಅವರೇ, ಅಷ್ಟು ಶ್ರದ್ಧೆ ಎಲ್ಲರಿಗೂ ಇರುವುದಿಲ್ಲ. ಮತ್ತೆ ನಿಮ್ಮ ರಾಜ್ಯದಲ್ಲಿ ವಕೀಲರು ಇರುವುದು ವಾಡಿಕೆ. ಕ್ಯಾಲಿಫೋರ್ನಿಯಾದಂಥ ಕಡೆ ಎಸ್ಕ್ರೋ (ದುಡ್ಡು ಹಿಡಿದಿಟ್ಟುಕೊಳ್ಳುವ) ಮತ್ತು ಟೈಟಲ್ (ಹಕ್ಕುಪತ್ರ ನೋಡುವ) ಕಂಪನಿಯವರೇ ಕ್ಲೋಸಿಂಗ್, ಅಂದರೆ ಕೊನೆಯ ಹಸ್ತಾಂತರ, ಮಾಡುತ್ತಾರೆ, ಅವರು ಯಾರ ಪರವೂ ಅಲ್ಲ. ಅಲ್ಲಿ ಏಜೆಂಟೂ ಇಲ್ಲ, ವಕೀಲರೂ ಇಲ್ಲ ಅಂದರೆ ನೀವು ಒಬ್ಬರೇ.

ಬೆಕ್ಕಿನಕಣ್ಣು:
ಒಪ್ಪುತ್ತೇನೆ. ಆದರೆ ಅಲ್ಲೂ ವಕೀಲರನ್ನು ಗಂಟೆ ಲೆಕ್ಕಕ್ಕೆ ಇಟ್ಟುಕೊಳ್ಳಬಹುದು, ಯಾರೂ ಬೇಡ ಅನ್ನುವುದಿಲ್ಲ. ವಕೀಲರು ಮಾಡಲಾಗದ ಒಂದು ಕೆಲಸ ಇದೆ, ಅದನ್ನೂ ಹೇಳಿಬಿಡುತ್ತೇನೆ: ಈ ಮನೆಗೆ ಈ ಬೆಲೆ ಸರಿಯಾ ಅಂತ ಅವರು ಹೇಳುವುದಿಲ್ಲ.

ಲೆಕ್ಕದಪುಸ್ತಕ:
ಏಜೆಂಟ್ ಹೇಳುತ್ತಾರೆ ಅಂತ ಇಟ್ಟುಕೊಳ್ಳೋಣ, ಆದರೆ ಅವರ ಲಾಭ ಎತ್ತ ಎಳೆಯುತ್ತೆ? ಲೆಕ್ಕ ಹಾಕಿ. 5 ಲಕ್ಷದ ಮನೆಯನ್ನು ನಿಮ್ಮ ಏಜೆಂಟ್ ಹಟ ಹಿಡಿದು 4 ಲಕ್ಷ 80 ಸಾವಿರಕ್ಕೆ ಇಳಿಸಿದರೆ ನಿಮಗೆ 20,000 ಉಳಿತಾಯ. ಅವರ 2.5% ಕಮಿಷನ್‌ನಲ್ಲಿ 500 ಡಾಲರ್ ಕಡಿತ. ನಿಮಗೆ ಒಳ್ಳೆಯದು ಮಾಡಿದ್ದಕ್ಕೆ ಅವರಿಗೆ ದಂಡ! ಮೊತ್ತ ಸಣ್ಣದು, ಅದಕ್ಕಾಗಿ ಯಾರೂ ಬೇಕಂತ ಕೆಟ್ಟದ್ದು ಮಾಡುವುದಿಲ್ಲ. ಆದರೆ ಇನ್ನೂ ಎರಡು ವಾರ ಕಾಯೋಣ, ಈ ಮನೆ ಬಿಡೋಣ ಅನ್ನುವುದಕ್ಕೂ ಅವರಿಗೆ ಕಾರಣ ಇರುವುದಿಲ್ಲ. ವ್ಯವಹಾರ ಬೇಗ ಮುಗಿಯುವುದೇ ಅವರಿಗೆ ಲಾಭ.

ಇದೇ ವಿಷಯವನ್ನು ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಮಾರುವ ಕಡೆಯಿಂದ ನೋಡಿದ್ದಾರೆ, 2008ರಲ್ಲಿ ಪ್ರಕಟವಾಯಿತು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು 9.5 ದಿನ ಹೆಚ್ಚು ಕಾಯುತ್ತಾರೆ, ಸುಮಾರು 3.7% ಹೆಚ್ಚು ಬೆಲೆ ಪಡೆಯುತ್ತಾರೆ. ಗಿರಾಕಿಯ ಮನೆಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಏಜೆಂಟಮ್ಮ:
ಲೆಕ್ಕ ಸರಿ ಸರ್, ಆದರೆ ಬದುಕು ಬರೀ ಒಂದು ವ್ಯವಹಾರದ ಮೇಲೆ ನಿಂತಿರುವುದಿಲ್ಲ. ನನಗೆ ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಹಳೇ ಗಿರಾಕಿಗಳು ಕಳಿಸಿದವರು. ಕೆಟ್ಟ ಮನೆ ತಲೆಗೆ ಕಟ್ಟಿದರೆ ಮುಂದೆ ಹತ್ತು ಮನೆ ಹೋಗುತ್ತದೆ.

ಮಳೆನೀರು:
ಏಜೆಂಟಮ್ಮ ಅವರ ಮಾತಿಗೆ ನಾನೇ ಸಾಕ್ಷಿ (ಅವರ ಗಿರಾಕಿ ಅಲ್ಲ, ನನ್ನ ಏಜೆಂಟ್ ಬೇರೆ). ನಮಗೆ ಒಂದು ಮನೆ ಎಷ್ಟು ಇಷ್ಟವಾಗಿತ್ತು ಅಂದರೆ ಮಗಳು ತನ್ನ ರೂಮು ಯಾವುದು ಅಂತ ಆಗಲೇ ಹೇಳಿಬಿಟ್ಟಿದ್ದಳು. ನಮ್ಮ ಏಜೆಂಟ್ ಬೇಸ್‌ಮೆಂಟಿಗೆ ಇಳಿದು ಟಾರ್ಚ್ ಹಾಕಿ ಸುಮ್ನೆ ನಿಂತರು. ಒಂದೇ ಗೋಡೆಗೆ, ಅದೂ ಮೊಣಕಾಲು ಎತ್ತರದವರೆಗೆ ಮಾತ್ರ ಹೊಸ ಬಣ್ಣ. ಬೇರೆ ಮೂರು ಗೋಡೆ ಹಾಗೇ ಇವೆ. "ಇಲ್ಲಿ ನೀರು ನಿಂತಿದೆ, ಯಾವಾಗ ಅಂತ ಕೇಳೋಣ, ಉತ್ತರ ಸರಿ ಬರದಿದ್ದರೆ ಬಿಡಿ" ಅಂದರು. ಉತ್ತರ ಸರಿ ಬರಲಿಲ್ಲ, ಬಿಟ್ಟೆವು. ಅವತ್ತು ಅವರಿಗೆ ಒಂದು ಪೈಸೆ ಸಿಗಲಿಲ್ಲ. ಅದಾದ ಮೇಲೆ ನಾಲ್ಕು ತಿಂಗಳು ನಮ್ಮ ಜೊತೆ ಸುತ್ತಿದರು.

ಲೆಕ್ಕದಪುಸ್ತಕ:
ಅಂಥವರು ಸಿಕ್ಕರೆ ನಾನೂ ಕೈ ಮುಗಿದು ಕೊಡುತ್ತೇನೆ. ಸಿಗುತ್ತಾರೆ ಅಂತ ಹೇಗೆ ಗೊತ್ತಾಗುವುದು, ಅದೂ ಮೊದಲ ಮನೆ ನೋಡುವ ಮುಂಚೆಯೇ ಆರು ತಿಂಗಳಿಗೆ ಕಟ್ಟಿಹಾಕಿದರೆ?

ಮಳೆನೀರು:
ಅದು ನ್ಯಾಯವಾದ ಪ್ರಶ್ನೆ. ನನಗೆ ಅದೃಷ್ಟ ಅಂತಲೇ ಇಟ್ಟುಕೊಳ್ಳಿ.

ಹಳೇಬೀಗ:
ಅದಕ್ಕೇ ಒಪ್ಪಂದದ ಒಳಗೆ ಏನಿದೆ ಅಂತ ನೋಡಬೇಕು, ಒಪ್ಪಂದ ಬೇಕಾ ಬೇಡವಾ ಅಂತ ಜಗಳ ಆಡುವುದಕ್ಕಿಂತ. ಹೊಸ ನಿಯಮದಲ್ಲಿ ಕೊಳ್ಳುವವರಿಗೆ ಒಳ್ಳೆಯದಾದ ಅಂಶಗಳೂ ಇವೆ. ಫೀಸು ಇಷ್ಟೇ ಅಂತ ಸ್ಪಷ್ಟವಾಗಿ ಬರೆದಿರಬೇಕು, "ಮಾರುವವರು ಕೊಟ್ಟಷ್ಟು" ಅಂತ ಗೋಲ್‌ಮಾಲ್ ಬರೆಯುವಂತಿಲ್ಲ. ಬರೆದದ್ದಕ್ಕಿಂತ ಹೆಚ್ಚು ಯಾರ ಕಡೆಯಿಂದಲೂ ಅವರು ತೆಗೆದುಕೊಳ್ಳುವಂತಿಲ್ಲ. ಫೀಸು ಕಾನೂನಿನಲ್ಲಿ ನಿಗದಿಯಾಗಿಲ್ಲ, ಚೌಕಾಸಿ ಮಾಡಬಹುದು ಅಂತ ಎದ್ದು ಕಾಣುವ ಹಾಗೆ ಅದೇ ಕಾಗದದಲ್ಲಿ ಹಾಕಿರಬೇಕು. ನಿಮ್ಮ ಕಾಗದ ತೆಗೆದು ನೋಡಿ, ಇರುತ್ತೆ.

ಅವಧಿ ಚೌಕಾಸಿಗೆ ಬರುತ್ತದೆ. ಆರು ತಿಂಗಳ ಬದಲು ಒಂದು ವಾರ, ಅಥವಾ ಇದೊಂದೇ ಮನೆಗೆ ಅಂತ ಬರೆಸಬಹುದು. ಇನ್ನೊಂದು, ಬಹಳ ಜನ ಓದದೇ ಬಿಡುವ ಸಾಲು: ಒಪ್ಪಂದ ಮುಗಿದ ಮೇಲೂ ಇಷ್ಟು ದಿನದೊಳಗೆ ಅವರು ತೋರಿಸಿದ ಮನೆಯನ್ನು ಕೊಂಡರೆ ಕಮಿಷನ್ ಕೊಡಬೇಕು ಅಂತ ಇರುತ್ತೆ. ಆ ದಿನಗಳನ್ನು ಕಡಿಮೆ ಮಾಡಿಸಿ.

ಹೊಸಿಲು:
ಈಗಷ್ಟೇ ತೆಗೆದು ನೋಡಿದೆ. ಚೌಕಾಸಿ ಸಾಲು ಇದೆ! ಎರಡನೇ ಪುಟದ ಕೊನೆಯಲ್ಲಿ, ದಪ್ಪ ಅಕ್ಷರದಲ್ಲಿ. ಆ ಬಾಲದ ಸಾಲೂ ಇದೆ, 180 ದಿನ. ಅಂದರೆ ಆರು ತಿಂಗಳು ಮುಗಿದ ಮೇಲೆ ಇನ್ನೂ ಆರು ತಿಂಗಳು. ಹೆಂಡತಿಗೆ ತೋರಿಸಿದೆ, ಅವಳೂ ಈಗ ಯೋಚನೆಗೆ ಬಿದ್ದಿದ್ದಾಳೆ.

ಒಂದು ಡೌಟು. ಒಪ್ಪಂದದಲ್ಲಿ 2.5% ಅಂತ ಇದ್ದು, ಮಾರುವವರು ಏನೂ ಕೊಡಲ್ಲ ಅಂದರೆ?

ಏಜೆಂಟಮ್ಮ:
ಆಗ ನಿಮ್ಮ ಕೈಯಿಂದ ಕೊಡಬೇಕು, ಅದೂ ಕ್ಲೋಸಿಂಗ್ ದಿನ ನಗದಾಗಿ. ಸಾಮಾನ್ಯವಾಗಿ ಅದನ್ನು ಗೃಹಸಾಲಕ್ಕೆ ಸೇರಿಸಲು ಬರುವುದಿಲ್ಲ. ಹಾಗಾಗಿ ಬಹಳ ಜನ ಆಫರ್‌ನಲ್ಲೇ "ನಮ್ಮ ಏಜೆಂಟ್ ಫೀಸು ಮಾರುವವರು ಕೊಡಬೇಕು" ಅಂತ ಸೇರಿಸುತ್ತಾರೆ. ಎಂಎಲ್‌ಎಸ್‌ನಲ್ಲಿ ಜಾಹೀರಾತು ಹಾಕಬಾರದು ಅಷ್ಟೇ, ಮಾರುವವರು ಕೊಡಬಾರದು ಅಂತ ಎಲ್ಲೂ ಇಲ್ಲ. ಈಗಲೂ ಅನೇಕರು ಕೊಡುತ್ತಾರೆ. ಆದರೆ ಒಂದೇ ಮನೆಗೆ ಹತ್ತು ಆಫರ್ ಬಂದಾಗ ಆ ಸಾಲು ನಿಮ್ಮ ಆಫರ್ ಅನ್ನು ಹಿಂದೆ ತಳ್ಳಬಹುದು, ಸುಳ್ಳು ಹೇಳುವುದಿಲ್ಲ.

ಇನ್ನೊಂದು ಮರೆತಿದ್ದೆ. ಬಿಲ್ಡರ್ ಹತ್ತಿರ ಹೊಸ ಮನೆ ನೋಡುವುದಾದರೆ, ಏಜೆಂಟ್ ಬೇಕು ಅನ್ನಿಸಿದರೆ ಮೊದಲ ಭೇಟಿಗೇ ಕರೆದುಕೊಂಡು ಹೋಗಿ. ನಂತರ ಬಂದ ಏಜೆಂಟ್‌ಗೆ ಎಷ್ಟೋ ಬಿಲ್ಡರ್‌ಗಳು ಏನೂ ಕೊಡುವುದಿಲ್ಲ. ಆ ಮಾಡೆಲ್ ಮನೆಯಲ್ಲಿ ಕುಕೀ ಕೊಟ್ಟು ಮಾತಾಡಿಸುವವರು ಬಿಲ್ಡರ್ ಸಂಬಳದವರು.

ಸುಮ್ನಿರುವವ:
ನಾನಿರುವುದು ಇಂಗ್ಲೆಂಡಿನಲ್ಲಿ, ಇದನ್ನೆಲ್ಲಾ ಓದಿ ತಲೆ ತಿರುಗಿತು. ಇಲ್ಲಿ ಎಸ್ಟೇಟ್ ಏಜೆಂಟ್ ಅಂದರೆ ಮಾರುವವರ ಕಡೆಯವರು, ಅದು ಎಲ್ಲರಿಗೂ ಗೊತ್ತು. ಕೊಳ್ಳುವವರು ಸಾಮಾನ್ಯವಾಗಿ ಒಬ್ಬ ಸಾಲಿಸಿಟರ್ ಮತ್ತು ಒಬ್ಬ ಸರ್ವೇಯರ್ ಇಟ್ಟುಕೊಳ್ಳುತ್ತಾರೆ. ಸ್ವಂತ ಏಜೆಂಟ್ ಇಟ್ಟುಕೊಳ್ಳುವವರು ಕಡಿಮೆ. ಹಾಗಂತ ಇಲ್ಲಿ ಎಲ್ಲಾ ಸಲೀಸು ಅಂತಲ್ಲ, ಕರಾರು ಪತ್ರ ಅದಲುಬದಲು ಆಗುವವರೆಗೆ ಯಾರು ಬೇಕಾದರೂ ಕೈ ಎತ್ತಬಹುದು, ನನಗೆ ಎರಡು ಸಲ ಹಾಗಾಗಿದೆ. ಆದರೂ ಜನ ಏಜೆಂಟ್ ಇಲ್ಲದೆ ಮನೆ ಕೊಳ್ಳುತ್ತಾರೆ, ಆಕಾಶ ಬಿದ್ದಿಲ್ಲ.

ಬೆಕ್ಕಿನಕಣ್ಣು:
ನಾನೂ ಅದನ್ನೇ ಹೇಳುತ್ತಿರುವುದು. ಏಜೆಂಟ್ ಮಾಡುವ ಕೆಲಸವನ್ನು ಬಿಡಿಸಿ ನೋಡಿ: ಬೆಲೆ ಅಂದಾಜು, ಕಾಗದ, ತಪಾಸಣೆ, ಚೌಕಾಸಿ. ಒಂದೊಂದಕ್ಕೂ ಬೇರೆ ಬೇರೆ ಜನ ಸಿಗುತ್ತಾರೆ. ಎಲ್ಲದಕ್ಕೂ ಸೇರಿಸಿ ಮನೆ ಬೆಲೆಯ ಮೇಲೆ ಶೇಕಡಾವಾರು ಯಾಕೆ? 10 ಲಕ್ಷದ ಮನೆಗೆ 5 ಲಕ್ಷದ ಮನೆಗಿಂತ ಎರಡು ಪಟ್ಟು ಕೆಲಸ ಇರುತ್ತಾ?

ಏಜೆಂಟಮ್ಮ:
ಇರುವುದಿಲ್ಲ. ಅದಕ್ಕೆ ನಾನು ಈ ವರ್ಷದಿಂದ ಕೆಲವರಿಗೆ ನಿಗದಿತ ಫೀಸಿಗೆ ಕೆಲಸ ಮಾಡುತ್ತಿದ್ದೇನೆ. ಮನೆ ನೀವೇ ಹುಡುಕಿ, ಆಫರ್‌ನಿಂದ ಕ್ಲೋಸಿಂಗ್‌ವರೆಗೆ ನಾನು ನೋಡಿಕೊಳ್ಳುತ್ತೇನೆ. ಮನೆಗೆ ಮೂವತ್ತು ಸಲ ಓಡಾಡಿಸುವವರಿಗೆ ಮಾತ್ರ ಆ ಫೀಸಿಗೆ ಕೆಲಸ ಮಾಡಲ್ಲ. ನಗಬೇಡಿ, ಅಂಥವರಿದ್ದಾರೆ.

ಹೊಸಿಲು:
ಮೂರು ವಾರವಾಯಿತು, ಏನಾಯಿತು ಅಂತ ಹೇಳುತ್ತೇನೆ.

ಮೊದಲು ಆ ಓಪನ್ ಹೌಸ್ ಏಜೆಂಟ್‌ಗೆ ಫೋನ್ ಮಾಡಿ, ಲೆಕ್ಕದಪುಸ್ತಕ ಸರ್ ಹೇಳಿದ ಹಾಗೆ "ದುಡ್ಡು ಉಳಿಯುತ್ತೆ ಅಂದಿರಲ್ಲ, ಯಾರಿಗೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ "ಅದು ಮಾರುವವರ ಜೊತೆ ಮಾತಾಡಬೇಕಾದ ವಿಷಯ" ಅಂದರು. ನನಗೆ ಉತ್ತರ ಸಿಕ್ಕಿತು.

ಆಮೇಲೆ ಮೂವರು ಏಜೆಂಟರ ಜೊತೆ ಮಾತಾಡಿದೆವು. ಕಳೆದ ವರ್ಷ ಕೊಳ್ಳುವವರ ಕಡೆಯಿಂದ ಎಷ್ಟು ವ್ಯವಹಾರ ಮಾಡಿದಿರಿ, ಯಾವ ಮನೆ ಬೇಡ ಅಂತ ಗಿರಾಕಿಗೆ ಹೇಳಿದ್ದೀರಿ ಅಂತ ಕೇಳಿದೆವು. ಎರಡನೇ ಪ್ರಶ್ನೆ ಹೆಂಡತಿಯದು, ಮಳೆನೀರು ಅವರ ಕಥೆ ಓದಿ ಹೊಳೆದದ್ದು. ಇಬ್ಬರು ತಡವರಿಸಿದರು. ಮೂರನೆಯವರು ಒಂದಲ್ಲ, ನಾಲ್ಕು ಹೇಳಿದರು. ಅವರ ಜೊತೆ ಎರಡು ವಾರಕ್ಕೆ, ನಿಗದಿತ ಫೀಸಿಗೆ, ಬಾಲದ ಸಾಲು 30 ದಿನಕ್ಕೆ ಇಳಿಸಿ ಸಹಿ ಹಾಕಿದೆವು. ಮೊದಲು ಮುಖ ಹುಳಿ ಮಾಡಿದರು, ಆಮೇಲೆ ಒಪ್ಪಿದರು.

ಒಂದು ಮನೆಗೆ ಆಫರ್ ಹಾಕಿ ಅದು ಒಪ್ಪಿಗೆಯೂ ಆಯಿತು. ಇನ್‌ಸ್ಪೆಕ್ಟರ್ ನಾನೇ ಹುಡುಕಿದವರು. ಮಾಮೂಲಿ ತಪಾಸಣೆಯ ಜೊತೆ ಒಳಚರಂಡಿ ಪೈಪಿಗೆ ಕ್ಯಾಮೆರಾ ಬಿಡಿಸಿ ಅಂತ ಏಜೆಂಟ್ ಹೇಳಿದರು, ನನಗೆ ಅದು ದಂಡ ಖರ್ಚು ಅನ್ನಿಸಿತ್ತು. ಪೈಪಿನೊಳಗೆ ಮರದ ಬೇರು ತುಂಬಿಕೊಂಡಿದೆ, ಒಂದು ಕಡೆ ಪೈಪ್ ಕುಸಿದಿದೆ. ಮಾರುವವರು ರಿಪೇರಿಯ ಅರ್ಧ ಕೊಡುತ್ತೇವೆ ಅಂದಿದ್ದಾರೆ. ಬಿಟ್ಟುಬಿಡುವ ಹಕ್ಕು ಶುಕ್ರವಾರ ಸಂಜೆ ಐದಕ್ಕೆ ಮುಗಿಯುತ್ತೆ. ಈ ಸಲ ತಾರೀಖು ಮೂರು ಸಲ ನೋಡಿದ್ದೇನೆ, ಬೆಕ್ಕಿನಕಣ್ಣು ಅವರೇ.

ಹೆಂಡತಿ ಪೂರ್ತಿ ಕೇಳೋಣ ಅಂತಾಳೆ. ನಾನು ಅರ್ಧಕ್ಕೆ ಒಪ್ಪೋಣ ಅಂತಿದ್ದೇನೆ. ಮತ್ತೆ ಪಂಚಾಯಿತಿ ಮಾಡಿ.

ಮಳೆನೀರು:
ಹೆಂಡತಿ ಮಾತು ಕೇಳಿ.

ಹಳೇಬೀಗ:
ಪೂರ್ತಿ ಕೇಳಿ. ಮತ್ತೆ ದುಡ್ಡು ತೆಗೆದುಕೊಳ್ಳಿ, ರಿಪೇರಿ ಅವರಿಗೆ ಬಿಡಬೇಡಿ. ಹೊರಟು ಹೋಗುವವರು ಅಗ್ಗದ ಕೆಲಸಗಾರರನ್ನೇ ಕರೆಸುತ್ತಾರೆ.

ಏಜೆಂಟಮ್ಮ:
ಹಳೇಬೀಗ ಸರ್ ಹೇಳಿದ್ದೇ ಸರಿ. ಪೈಪ್ ಕೆಲಸದವರಿಂದ ಲಿಖಿತ ಅಂದಾಜು ಗುರುವಾರದೊಳಗೆ ತರಿಸಿ, ಬಾಯಿ ಮಾತಿನ ಲೆಕ್ಕ ಅವರು ಒಪ್ಪುವುದಿಲ್ಲ.